ರಜೆಯ ಹಾದಿ: ಒಂಟೆಯ ನಾಡಿನಲ್ಲಿ ಒಂಟಿಗಾಲಿ

ಚಳಿಗಾಲದ ರಜೆ ಬಹಳ ಚಿಕ್ಕದು. ಅಷ್ಟರಲ್ಲಿ ಊರಿಗೆ ಹೋಗಿ, ನೆಂಟರಿಷ್ಟರನ್ನೆಲ್ಲ ಕಂಡು, ಹಪ್ಪಳ ಸಂಡಿಗೆಯ ಗಂಟು ಹೊತ್ತು ಹಿಂದಿರುಗುವುದು ಆಗದ ಮಾತು. ಆದುದರಿಂದ ಗ್ರೇಟರ್ ನೋಯ್ಡಾದ ನಮ್ಮ ಕನ್ನಡ ಮನೆಗಳವರಲ್ಲಿ ಅನೇಕರು ಡಿಸೆಂಬರ್ ಬಂತೆಂದರೆ ರಾಜಸ್ಥಾನದ ಕಡೆಗೆ ಮುಖ ಮಾಡುತ್ತಾರೆ. ಅಲ್ಲಿನ ಕೋಟೆ ಕೊತ್ತಲ, ಅರಮನೆ, ಒಂಟೆಯ ಸವಾರಿ ಇವುಗಳನ್ನು ಕುರಿತು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಈ ಸಲ ನಾವು ಹೇಳಹೊರಟಿರುವುದು ಬೇರೊಂದು ಸವಾರಿಯ ವಿಚಾರ. ಮನೆಯಲ್ಲಿ ಹರೆಯದ ಮಕ್ಕಳಿರುವವರು ಇದನ್ನು ಕೊಂಚ ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಒಂಟಿಗಾಲಿ ಸೈಕಲ್ಲನ್ನು, ಅಂದರೆ ಯೂನಿಸೈಕಲನ್ನು, ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ಸರ್ಕಸ್ಸಿನ ಡೇರೆಯಲ್ಲಿ. ಒಂದು ಗಾಲಿ, ಒಂದು ಪೀಠ, ಎರಡು ಪೆಡಲು. ಹಿಡಿಯಲು ಹ್ಯಾಂಡಲಿಲ್ಲ, ತಿರುಗಿಸಲು ಸರಪಳಿಯಿಲ್ಲ. ಇಂಥದ್ದನ್ನು ಕಲ್ಲು ಗುಡ್ಡಗಳ ಹಾದಿಗೆ ಇಳಿಸಿದ ಧೈರ್ಯಶಾಲಿಗಳೂ ಉಂಟು. ಅಲಾಸ್ಕಾದ ಜಾರ್ಜ್ ಪೆಕ್ ಎಂಬವರು 1980ರ ದಶಕದಲ್ಲೇ ಈ ಸಾಹಸಕ್ಕೆ ಕೈಹಾಕಿದ ಮೊದಲಿಗರಲ್ಲಿ ಒಬ್ಬರು. ಅನಂತರ ಕೆನಡಾದ ಕ್ರಿಸ್ ಹೋಮ್ ನಮ್ಮ ನೆರೆಯ ಭೂತಾನದ ಬೆಟ್ಟದ ಕಾಲುದಾರಿಗಳಲ್ಲಿಯೂ ಒಂಟಿಗಾಲಿ ನಡೆಸಿದರು. ಈಗ ಈ ಆಟಕ್ಕೆಂದೇ ಮೂರು ಅಂಗುಲ ದಪ್ಪದ ಟೈರುಳ್ಳ ಗಟ್ಟಿ ಗಾಡಿಗಳು ದೊರೆಯುತ್ತವೆ. ಪೆಡಲು ಬಿಚ್ಚಿದರೆ ಕಾರಿನ ಡಿಕ್ಕಿಯ ಒಂದು ಮೂಲೆಯಲ್ಲಿ ಅದು ಹಿಡಿಸುತ್ತದೆ. ಪ್ರಯಾಣ ಹೊರಟವರಿಗೆ ಇದೊಂದು ಅನುಕೂಲವೇ ಸರಿ.

ಆದರೆ ಮರುಭೂಮಿಯಲ್ಲಿ ಇದಕ್ಕೆ ಹಾದಿ ಎಲ್ಲಿಂದ ಬರಬೇಕು? ಮರಳಿನಲ್ಲಿ ಗಾಲಿ ಹೂತುಹೋಗದೆ? ಪ್ರಶ್ನೆ ಸರಿಯಾದದ್ದೇ. ಒಂಟಿಗಾಲಿಯ ಪೆಡಲು ನೇರವಾಗಿ ಅಚ್ಚಿಗೆ ಕೂಡಿಕೊಂಡಿರುತ್ತದೆ. ಕಾಲು ನಿಂತರೆ ಗಾಲಿಯೂ ನಿಂತಿತು. ಇಪ್ಪತ್ತನಾಲ್ಕು ಅಂಗುಲದ ದಪ್ಪ ಟೈರಿನ ಗಾಲಿ ಒಂದು ಸುತ್ತಿಗೆ ಸುಮಾರು 2 ಮೀಟರು ಸಾಗುತ್ತದೆ. ನಿಮಿಷಕ್ಕೆ ಎಪ್ಪತ್ತು ಸಲ ತುಳಿದರೆ ಗಂಟೆಗೆ ಎಂಟು ಕಿಲೋಮೀಟರು ಚಿಲ್ಲರೆ. ಬಿರುಸಾಗಿ ನಡೆಯುವವನಿಗಿಂತ ತುಸು ಹೆಚ್ಚು, ಅಷ್ಟೆ. ಎರಡು ಗಾಲಿಯವನು ಬಂದ ವೇಗದಲ್ಲೇ ನಾಲ್ಕು ಮಾರು ಮರಳನ್ನು ದಾಟಿಬಿಡಬಹುದು. ಒಂಟಿಗಾಲಿಯವನಿಗೆ ಆ ಬಂಡವಾಳವಿಲ್ಲ. ಸಡಿಲ ಮರಳು ಸಿಕ್ಕಿತೆಂದರೆ ಗಾಲಿ ಹಿಂದೆ, ಸವಾರ ಮುಂದೆ.

ಆದುದರಿಂದ ಸಮ್ ಮತ್ತು ಖುರಿಯ ಮರಳು ದಿಬ್ಬಗಳು ಫೋಟೋ ತೆಗೆಸಿಕೊಳ್ಳುವುದಕ್ಕೆ ಚೆನ್ನ, ಗಾಲಿ ನಡೆಸುವುದಕ್ಕಲ್ಲ. ಆದರೆ ಥಾರ್ ಮರುಭೂಮಿಯೆಂದರೆ ಬರಿಯ ಮರಳೆಂದು ತಿಳಿಯುವುದು ತಪ್ಪು. ಜೈಸಲ್ಮೇರಿನ ಸುತ್ತಮುತ್ತ ಬೆಣಚುಕಲ್ಲು ಹರಡಿದ ಗಟ್ಟಿ ಬಯಲುಗಳೂ, ಹಳದಿ ಕಲ್ಲಿನ ತಗ್ಗು ದಿಣ್ಣೆಗಳೂ ಬೇಕಾದಷ್ಟಿವೆ. ಅಲ್ಲಿಯ ಜನ ಅದನ್ನು ‘ಮಗ್ರಾ’ ಎನ್ನುತ್ತಾರೆ. 1156ರಲ್ಲಿ ಅಡಿಪಾಯ ಹಾಕಿದ ಆ ಊರಿನ ಕೋಟೆಯೂ ಅದೇ ಹಳದಿ ಕಲ್ಲಿನದು. ನಮ್ಮ ಹಂಪೆಯಲ್ಲಿ ಬಂಡೆಗಳು ದುಂಡಗೆ ಒಂದರ ಮೇಲೊಂದು ಕುಳಿತಿರುತ್ತವೆ. ಇಲ್ಲಿ ಕಲ್ಲು ಹಾಸುಹಾಸಾಗಿ, ಮೆಟ್ಟಿಲು ಕಡಿದಂತೆ ಬಿದ್ದಿರುತ್ತದೆ. ಒಂಟಿಗಾಲಿಗೆ ಇದು ಬಲು ಹಿತವಾದ ನೆಲ. ಅಮೆರಿಕದ ಯೂಟಾ ಪ್ರಾಂತದ ಮರುಭೂಮಿಯಲ್ಲಿ ಮೋಅಬ್ ಎಂಬ ಊರಿದೆ. ಅಲ್ಲಿಯ ಬೋಳು ಕಲ್ಲಿನ ಮೇಲೆ 1969ರಲ್ಲಿ ಮೋಟಾರು ಸೈಕಲ್ಲುಗಳಿಗಾಗಿ ಗುರುತಿಸಿದ ಹಾದಿಗೆ ಇಂದು ಲೋಕದ ನಾನಾ ಕಡೆಗಳಿಂದ ಸೈಕಲ್ಲಿನವರೂ ಒಂಟಿಗಾಲಿಯವರೂ ಬರುತ್ತಾರೆ. ಕುದುರೆಯ ಲಾಳ ಜಾರುತ್ತಿದ್ದುದರಿಂದ ಅದಕ್ಕೆ ‘ಜಾರುಗಲ್ಲು’ ಎಂಬ ಹೆಸರು. ರಬ್ಬರಿನ ಟೈರಿಗೆ ಮಾತ್ರ ಅದು ಚೆನ್ನಾಗಿ ಕಚ್ಚುತ್ತದೆ.

ಮೋಅಬಿನಲ್ಲಿ ಕಲ್ಲಿನ ಮೇಲೆ ಬಿಳಿಯ ಗೆರೆ ಬಳಿದು ದಾರಿ ತೋರಿಸಿದ್ದಾರೆ. ಥಾರಿನಲ್ಲಿ ಅಂಥ ಗೆರೆ ಬಳಿದವರಿಲ್ಲ. ಹಾದಿಯನ್ನು ನಾವೇ ಕಂಡುಕೊಳ್ಳಬೇಕು. ಅದಕ್ಕೆ ನಕ್ಷೆಗಿಂತ ಆಡು ಕುರಿಗಳನ್ನು ನಂಬುವುದು ಮೇಲು. ಹಿಂಡುಗಳು ದಿನವೂ ಊರಿನಿಂದ ಮೇವಿಗೆ, ಮೇವಿನಿಂದ ನೀರಿಗೆ ನಡೆಯುತ್ತವೆ. ತುಳಿದು ತುಳಿದು ಒಂದು ಮೊಳ ಅಗಲದ ಗಟ್ಟಿ ಜಾಡು ಬೀಳುತ್ತದೆ. ಒಂಟಿಗಾಲಿಗೆ ಬೇಕಾದದ್ದೂ ಅಷ್ಟೇ ಅಗಲ. ಜೀಪು ಓಡಾಡಿದ ದಾರಿ ನೋಡಲು ದೊಡ್ಡದಾದರೂ ಅದರ ಎರಡು ಕೊರಕಲುಗಳಲ್ಲಿ ಮಣ್ಣು ಹಿಟ್ಟಾಗಿರುತ್ತದೆ; ಅದನ್ನು ಬಿಡುವುದೇ ಲೇಸು. ಮರಳಿನ ತುಣುಕು ದಾಟಲೇಬೇಕಾದರೆ ಮುಂಜಾನೆ ದಾಟಬೇಕು. ರಾತ್ರಿಯ ಇಬ್ಬನಿಯಿಂದ ಮರಳಿನ ಮೇಲುಪದರ ಬಿಗಿದಿರುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಆ ಬಿಗಿ ಕಳೆದುಹೋಗುತ್ತದೆ. ಟೈರಿನ ಗಾಳಿಯನ್ನು ತುಸು ಇಳಿಸಿಕೊಂಡರೆ ಇನ್ನೂ ಒಳ್ಳೆಯದು.

ಜಾಡುಗಳ ಇನ್ನೊಂದು ಗುಟ್ಟನ್ನು ಮಕ್ಕಳಿಗೆ ಹೇಳಿಕೊಡುವುದು ಅವಶ್ಯ. ನೀರಿನ ಕಡೆಗೆ ಹೋದಂತೆ ಜಾಡುಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ. ನೀರಿನಿಂದ ದೂರವಾದಂತೆ ಮರದ ಕೊಂಬೆಗಳ ಹಾಗೆ ಕವಲೊಡೆಯುತ್ತವೆ. ದಿಕ್ಕು ತಪ್ಪಿದಾಗ ಜಾಡುಗಳು ಕೂಡುವ ಕಡೆಗೆ ನಡೆದರೆ ಕೆರೆಯೋ ಬಾವಿಯೋ ಸಿಗುವ ಸಂಭವ ಹೆಚ್ಚು. ನೀರಿದ್ದಲ್ಲಿ ಜನರೂ ಇರುತ್ತಾರೆ.

ಎಲ್ಲಕ್ಕಿಂತ ಸುಲಭವಾದ ಉಪಾಯ ಕೇಳುವುದು. ಕುರಿ ಕಾಯುವ ಹಿರಿಯರನ್ನು ಕಂಡರೆ ಗಾಡಿಯಿಂದಿಳಿದು, ‘ರಾಮ್ ರಾಮ್ ಸಾ’ ಎಂದು ಕೈಮುಗಿದು, ‘ಪಗ್‌ಡಂಡಿ’ ಎಲ್ಲಿದೆಯೆಂದು ವಿಚಾರಿಸಿ. ಒಂದು ಗಾಲಿಯ ಮೇಲೆ ಬಂದ ಹುಡುಗನನ್ನೋ ಹುಡುಗಿಯನ್ನೋ ಕಂಡು ಅವರು ಮೊದಲು ನಗಬಹುದು. ನಕ್ಕ ಮೇಲೆ ದಾರಿಯನ್ನು ಚೆನ್ನಾಗಿಯೇ ಹೇಳಿಯಾರು.

ಇನ್ನು ಮುಳ್ಳಿನ ವಿಚಾರ. ಮರುಭೂಮಿಯಲ್ಲಿ ಅಪರಿಚಿತ ಗಿಡಗಳೇ ಇರುತ್ತವೆಂದು ಎಣಿಸಬೇಡಿ. ಅಲ್ಲಿಯವರು ಖೇಜ್ಡಿ ಎನ್ನುವ ಮರ ನಮ್ಮ ವಿಜಯದಶಮಿಯ ಬನ್ನಿಯೇ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ ಈ ಮರಗಳನ್ನು ಕಡಿಯಗೊಡದೆ ಅಮೃತಾದೇವಿಯೂ ಇತರ ಬಿಷ್ಣೋಯಿಗಳೂ, ಒಟ್ಟು 363 ಮಂದಿ, ಪ್ರಾಣ ಕೊಟ್ಟರು. ಅವರು ವಿಲಾಯತಿ ಕೀಕರ್ ಎನ್ನುವುದು ನಮ್ಮ ಬಳ್ಳಾರಿ ಜಾಲಿ. ಗೋಖ್ರು ಎಂದರೆ ನಮ್ಮ ನೆಗ್ಗಿಲು. ನೆಗ್ಗಿಲ ಮುಳ್ಳು ಟೈರಿಗೆ ಮಾಡುವ ಉಪಚಾರವನ್ನು ಬಯಲುಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಒಂಟಿಗಾಲಿ ಪಂಕ್ಚರಾದರೆ ಉಳಿದ ಗಾಲಿಯೆಂಬುದಿಲ್ಲ. ಹೆಚ್ಚಿನ ಟ್ಯೂಬು ಎರಡು, ತೇಪೆಯ ಸಾಮಾನು, ಪಂಪು ಇವಿಲ್ಲದೆ ಹೊರಡಕೂಡದು.

ಹಾದಿ ಸಿಕ್ಕಿದ ಕೂಡಲೆ ಅದು ನಮ್ಮದಾಯಿತೆಂದು ತಿಳಿಯಬಾರದು. ಇದು ನಾವು ಒತ್ತಿ ಹೇಳಬೇಕಾದ ಮಾತು. ಜೈಸಲ್ಮೇರಿನ ಸೀಮೆಯಲ್ಲಿ ವರ್ಷಕ್ಕೆ ಇಪ್ಪತ್ತು ಸೆಂಟಿಮೀಟರು ಮಳೆಯಾದರೆ ಹೆಚ್ಚು. ಅಷ್ಟರಲ್ಲೇ ಬೆಳೆ ತೆಗೆಯಲು ಪಾಲಿವಾಲ ಬ್ರಾಹ್ಮಣರು ಶತಮಾನಗಳ ಹಿಂದೆಯೇ ‘ಖಡೀನ್’ ಎಂಬ ಏರ್ಪಾಟನ್ನು ಬಳಕೆಗೆ ತಂದರು. ಕಲ್ಲು ದಿಣ್ಣೆಗಳ ಮೇಲೆ ಬಿದ್ದ ಮಳೆನೀರು ತಗ್ಗಿಗೆ ಹರಿಯುತ್ತದೆ. ಅಲ್ಲಿ ಅಡ್ಡಲಾಗಿ ಮಣ್ಣಿನ ಏರಿ ಕಟ್ಟಿ ನೀರನ್ನು ನಿಲ್ಲಿಸುತ್ತಾರೆ. ನೀರು ಇಂಗಿದ ಮೇಲೆ ಆ ತೇವದಲ್ಲೇ ಚಳಿಗಾಲದ ಗೋಧಿ, ಕಡಲೆ ಬೆಳೆಯುತ್ತದೆ. ನಾವು ರಜೆಗೆ ಹೋಗುವುದೂ ಬೆಳೆ ನಿಂತಿರುವ ಅದೇ ಕಾಲದಲ್ಲಿ. ಖಡೀನಿನ ಏರಿ ಎತ್ತರವಾಗಿ, ನೇರವಾಗಿ, ಗಟ್ಟಿಯಾಗಿ ಇರುತ್ತದೆ. ಒಂಟಿಗಾಲಿಯವರಿಗೆ ಅದನ್ನು ಕಂಡರೆ ಆಸೆಯಾಗುವುದು ಸಹಜ. ಆದರೆ ಟೈರು ಕೊರೆದ ಸಣ್ಣ ಗೀರೊಂದು ಮುಂದಿನ ಮಳೆಗಾಲದಲ್ಲಿ ಕೊರಕಲಾಗಿ ಏರಿಯನ್ನೇ ಒಡೆಯಬಲ್ಲದು. ಒಂದು ಗಳಿಗೆಯ ಆಟಕ್ಕೆ ಒಂದು ಮನೆಯ ವರ್ಷದ ಅನ್ನ ಹೋಗಬಾರದಷ್ಟೆ.

‘ಓರಣ್’ ಎಂಬ ದೇವರ ಹೆಸರಿನ ಕಾವಲುಗಳೂ ಅಲ್ಲಲ್ಲಿ ಇವೆ. ಕೊಡಗಿನ ದೇವರಕಾಡುಗಳನ್ನು ಬಲ್ಲವರಿಗೆ ಇವುಗಳ ಮರ್ಯಾದೆಯನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಗಾಲಿಯಿಂದಿಳಿದು ನಡೆಯುವುದು, ಊರವರ ಒಪ್ಪಿಗೆಯಿಲ್ಲದೆ ಜಾಡು ಬಿಟ್ಟು ಕದಲದಿರುವುದು ಸಭ್ಯತನ. ಮರುಭೂಮಿ ರಾಷ್ಟ್ರೀಯ ಉದ್ಯಾನವು 3,162 ಚದರ ಕಿಲೋಮೀಟರು ವಿಸ್ತಾರವಾದದ್ದು. ಅಲ್ಲಿ ‘ಗೋಡಾವಣ್’ ಎಂಬ ದೊಡ್ಡ ಹಕ್ಕಿಯನ್ನು ಕಾಪಾಡುತ್ತಿದ್ದಾರೆ. ಬಳ್ಳಾರಿಯ ಸಿರುಗುಪ್ಪದ ಕಡೆ ಎರೆಭೂತ ಎನ್ನುವುದು ಇದನ್ನೇ. ಕಾಡಿನಲ್ಲಿ ಈಗ ಇನ್ನೂರಕ್ಕೂ ಕಡಿಮೆ ಉಳಿದಿವೆ. ಅದು ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಬೇಲಿ ಹಾಕಿದ ಆವರಣಗಳ ಹತ್ತಿರ ಸುಳಿಯಲೇಬೇಡಿ.

ತಂದೆತಾಯಿಗಳ ಭಯ ನಮಗೆ ಗೊತ್ತು. ಒಂಟಿಗಾಲಿಯಿಂದ ಬೀಳುವವರು ಬಹುಮಟ್ಟಿಗೆ ಕಾಲಿನ ಮೇಲೆಯೇ ಇಳಿಯುತ್ತಾರೆ, ವೇಗವೂ ಅಲ್ಪ. ಆದರೂ ತಲೆಗೆ ಹೆಲ್ಮೆಟ್ಟು, ಅಂಗೈಗೆ ಕವಚ, ಪೆಡಲು ಬಡಿಯುವ ಮುಂಗಾಲಿಗೆ ಪಟ್ಟಿ ಇರಲೇಬೇಕು. ನಿಜವಾದ ಅಪಾಯ ಬೀಳುವುದರಲ್ಲಿಲ್ಲ, ದೂರ ಹೋಗುವುದರಲ್ಲಿದೆ. ಒಬ್ಬೊಬ್ಬರೇ ಹೋಗಬಾರದು. ಚಳಿಗಾಲದಲ್ಲಿಯೂ ತುಳಿಯುವ ಪ್ರತಿ ಗಂಟೆಗೆ ತಲಾ ಒಂದು ಲೀಟರು ನೀರು ಲೆಕ್ಕವಿಟ್ಟು ಒಯ್ಯಬೇಕು. ಹೊರಟ ಹೊತ್ತು, ತಿರುಗುವ ಹೊತ್ತುಗಳನ್ನು ಇಳಿದುಕೊಂಡ ಮನೆಯವರಿಗೆ ತಿಳಿಸಿರಬೇಕು. ಗಡಿಯ ಕಡೆ ಹೊರಗಿನವರಿಗೆ ಅನುಮತಿಯಿಲ್ಲದೆ ಪ್ರವೇಶವಿಲ್ಲದ ಭಾಗಗಳುಂಟು. ಪೋಖರಣಿನ ಸುತ್ತ ಸೈನ್ಯದ ಗುಂಡಿನ ಅಭ್ಯಾಸದ ಬಯಲುಗಳಿವೆ. ಆ ದಿಕ್ಕಿಗೆ ಹೋಗುವ ಜಾಡು ಎಷ್ಟೇ ಚೆನ್ನಾಗಿದ್ದರೂ ಬೇಡ.

ಅಭ್ಯಾಸವನ್ನು ಮಾತ್ರ ಇಲ್ಲಿಯೇ ಆರಂಭಿಸಬೇಕು. ನಮ್ಮ ಮೆಕ್ಕಲು ನೆಲದಲ್ಲಿ ಹುಡುಕಿದರೂ ಕಲ್ಲು ಸಿಗದು. ಕಲಿಯುವವರಿಗೆ ಇಂಥ ಸಮತಟ್ಟೇ ಬೇಕು. ಗೋಡೆ ಹಿಡಿದು ಹತ್ತು ಹದಿನೈದು ಗಂಟೆ ಬಿದ್ದೆದ್ದರೆ ಸಾಧಾರಣವಾಗಿ ಗಾಲಿ ಮಾತು ಕೇಳತೊಡಗುತ್ತದೆ. ಆಮೇಲೆ ಫರೀದಾಬಾದಿನಾಚೆ ಅರಾವಳಿಯ ಕಲ್ಲುದಾರಿಗಳಲ್ಲಿ ಕೆಲವು ಭಾನುವಾರ ಕೈಪಳಗಿಸಿಕೊಂಡು ಮರುಭೂಮಿಗೆ ಹೊರಟರೆ ರಜೆ ಸಾರ್ಥಕವಾದೀತು.

ಕಡೆಯದಾಗಿ ಒಂದು ಮಾತು. ಜಾಡಿನಲ್ಲಿ ಒಂಟೆ ಎದುರಾದರೆ ಇಳಿದು, ಗಾಲಿಯನ್ನು ಮಲಗಿಸಿ, ಪಕ್ಕಕ್ಕೆ ಸರಿದು ನಿಲ್ಲಿ. ಅದು ಬೆದರಬಾರದೆಂಬುದು ಒಂದು ಕಾರಣ. ಹಾದಿ ಮಾಡಿದ್ದು ಅದೇ ಎಂಬುದು ಇನ್ನೊಂದು.