ಕಕ್ಕಡ ದಾಟುವ ನೇಮ

ಮೂರ್ನಾಡಿನಲ್ಲಿ ಒಣಬೇಸಾಯವೇ ಎಂದು ನಗಬೇಡಿ. ನನ್ನದು ದಿಣ್ಣೆ ಜಮೀನು, ಹೊಳೆಯಿಲ್ಲ, ಬೋರಿಲ್ಲ. ಇಂಥ ಕಡೆ ಕೆಟ್ಟ ವರ್ಷವನ್ನು ಲೆಕ್ಕ ಹಿಡಿದು ಬಿತ್ತುವವನೇ ಉಳಿಯೋದು. ಆರೋಗ್ಯದ ನೇಮಕ್ಕೂ ಇದೇ ಲೆಕ್ಕ ಬೇಕು.

ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರಂದು, ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಕೂಡಿರುತ್ತದೆಂಬ ನಂಬಿಕೆ. ಉಣ್ಣೋಣ. ಆದರೆ ಉಳಿದ 364 ದಿನ?

ಬೇಸಿಗೆಯಲ್ಲಿ 'ದಿನಾ ಐದು ಮೈಲಿ ನಡೀತೀನಿ' ಅಂದವರು ಜೂನ್ ಮಳೆಗೆ ಮನೆ ಸೇರ್ತಾರೆ. ಬಿ.ಪಿ. ಇರುವವರು ಕಾಫಿ ಕುಯ್ಲು ಬಂತೆಂದರೆ 'ಪುರುಸೊತ್ತಿಲ್ಲ, ಈಗೇನೂ ತೊಂದರೆ ಇಲ್ಲ' ಅಂತ ಮಾತ್ರೆ ಬಿಡ್ತಾರೆ. ಬಿ.ಪಿ. ನೋವು ಕೊಟ್ಟು ಎಚ್ಚರಿಸುವ ರೋಗವಲ್ಲ. ಲಕ್ವ ಹೊಡೆದ ಮೇಲೇ ಗೊತ್ತಾಗುವುದೂ ಉಂಟು. ಆಮೇಲೆ ಜಮೀನು ನೋಡುವವರು ಯಾರು?

ಹಾಗಾಗಿ ನೇಮ ಸಣ್ಣದಿರಲಿ. ಕುಯ್ಲಿಗೆ ಮೊದಲೇ ತಿಂಗಳ ಮಾತ್ರೆ ತಂದಿಡಿ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ. ಡಬ್ಬಿ ಕಣ್ಣಿಗೆ ಬೀಳುವಲ್ಲಿರಲಿ.

ಇನ್ನು ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಒಣಮೀನಿನದೂ ಇದರಲ್ಲೇ ಸೇರಬೇಕು. ನಾಲ್ಕು ಜನರ ಮನೆಗೆ ಕಿಲೋ ಉಪ್ಪು ಕಡಿಮೆಯೆಂದರೂ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಇದಕ್ಕೆ ಮಳೆಯೂ ಅಡ್ಡಿಯಲ್ಲ, ಕುಯ್ಲೂ ಅಡ್ಡಿಯಲ್ಲ.

ಒಂದು ಕಕ್ಕಡ, ಒಂದು ಕುಯ್ಲು ದಾಟಿ ನಿಂತರೆ ಮಾತ್ರ ಎರಡನೇ ನೇಮದ ಮಾತು.