ದವಡೆಯ ಓರೆ ಹಣೆಬರಹವಲ್ಲ

ಮಗುವಿನ ಹಲ್ಲು ಮುಂಚಾಚಿದ್ದರೆ, ಗದ್ದ ಒಂದು ಮಗ್ಗುಲಿಗೆ ವಾಲಿದ್ದರೆ ಹಿರಿಯರು ಹಣೆಬರಹವೆಂದು ಸುಮ್ಮನಾಗುತ್ತಾರೆ; ಸಹಪಾಠಿಗಳು ಅಡ್ಡಹೆಸರಿಡುತ್ತಾರೆ; ಮಗು ನಗುವಾಗ ಬಾಯಿಗೆ ಕೈ ಅಡ್ಡವಿಡುವುದನ್ನು ಕಲಿಯುತ್ತದೆ.

ವಂಶಗುಣವೊಂದೇ ಇದಕ್ಕೆ ಕಾರಣವಲ್ಲ. ಬೆರಳು ಚೀಪುವ ರೂಢಿ, ಬಾಯಿಯಿಂದ ಉಸಿರಾಡುವುದು, ಹುಳುಕಿನಿಂದ ಹಾಲುಹಲ್ಲುಗಳು ಅಕಾಲದಲ್ಲಿ ಬೀಳುವುದು ಸಹ ಕಾರಣಗಳೇ. ಎಳವೆಯಲ್ಲಿ ಗದ್ದಕ್ಕೆ ಬಿದ್ದ ಪೆಟ್ಟು ಕಿವಿಯ ಮುಂದಿನ ದವಡೆಕೀಲಿನ ಬೆಳವಣಿಗೆಯನ್ನು ಕುಂಠಿತಗೊಳಿಸಿದರೆ ಗದ್ದವು ಕ್ರಮೇಣ ಆ ಪಕ್ಕಕ್ಕೇ ಓರೆಯಾಗುತ್ತದೆ. ಅಲ್ಪಸ್ವಲ್ಪ ಓರೆ ಎಲ್ಲರ ಮುಖದಲ್ಲಿಯೂ ಉಂಟು. ಅಗಿಯಲು ತೊಡಕಾದಾಗ, ಓರೆ ವರ್ಷದಿಂದ ವರ್ಷಕ್ಕೆ ಹೆಚ್ಚಿದಾಗ ತಜ್ಞರಿಗೆ ತೋರಿಸಬೇಕು. ಮೂಳೆ ಬೆಳೆಯುವ ವಯಸ್ಸಿನಲ್ಲಿ ಸಾಧನಗಳಿಂದ ತಿದ್ದಬಹುದಾದ ಎಷ್ಟೋ ದೋಷಗಳಿಗೆ, ಬೆಳವಣಿಗೆ ಮುಗಿದ ಮೇಲೆ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಆ ವಯಸ್ಸಿನ ಮಕ್ಕಳು ಹಗಲೆಲ್ಲ ಇರುವುದು ಶಿಕ್ಷಕರ ಕಣ್ಣೆದುರಿನಲ್ಲಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ದಂತದೋಷಗಳೂ ಸೇರಿವೆ. ಮೈಸೂರಿನಲ್ಲಿ 1986ರಿಂದ ಜೆ.ಎಸ್.ಎಸ್. ದಂತ ವೈದ್ಯಕೀಯ ಕಾಲೇಜಿದೆ. ಚಾಮರಾಜನಗರ, ಗುಂಡ್ಲುಪೇಟೆಗಳಿಂದ ಸುಮಾರು 60 ಕಿಲೋಮೀಟರ್. ಆದರೆ ಹಲ್ಲಿಗೆ ತಂತಿ ಬಿಗಿಸುವ ಚಿಕಿತ್ಸೆಗೆ ಸಾಮಾನ್ಯವಾಗಿ ಎರಡು ವರ್ಷಗಳ ಕಾಲ ಮತ್ತೆಮತ್ತೆ ಹೋಗಿಬರಬೇಕು. ಕೂಲಿಕಾರರ ಮನೆಗೆ ಪ್ರತಿ ಭೇಟಿಯೂ ಒಂದು ದಿನದ ಕೂಲಿಯ ನಷ್ಟ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಲ್ಲಿಯೇ.

ಆದುದರಿಂದ ಶಿಕ್ಷಕರು ಅಡ್ಡಹೆಸರುಗಳನ್ನು ತಡೆದು ದೋಷವನ್ನು ಸಕಾಲದಲ್ಲಿ ಗುರುತಿಸಲಿ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನವನ್ನು ಶಾಲೆಗೆ ಮೀಸಲಿಡಲಿ. ದಾನಿಗಳು ಪದಕ, ಪಾರಿತೋಷಕಗಳ ಜೊತೆಗೆ ಇಂಥ ಮಕ್ಕಳ ಪ್ರಯಾಣವೆಚ್ಚಕ್ಕೂ ಒಂದು ನಿಧಿಯನ್ನಿರಿಸಲಿ. ಮಗು ಮುಚ್ಚುಮರೆಯಿಲ್ಲದೆ ನಗುವಂತಾಗುವುದೂ ವಿದ್ಯಾದಾನದ ಒಂದು ಭಾಗವೆಂಬುದು ನನ್ನ ವಿನಮ್ರ ಅಭಿಪ್ರಾಯ.