ಎಣಿಸುವವರಿಲ್ಲದ ಎಸೆತಗಳು

ಹಿತ್ತಲ ಬೇಲಿಗೆ ಕಟ್ಟಿದ ಬಲೆ, ಬಕೆಟ್ ತುಂಬ ಚೆಂಡು, ಹತ್ತು ವರ್ಷದ ಮಗ. ಮಾರ್ಚ್‌ನಲ್ಲಿ ನಮ್ಮೂರಿನ ಲಿಟಲ್ ಲೀಗ್ ಪಂದ್ಯಗಳು ನಿಂತಾಗಿನಿಂದ ನಮ್ಮ ಮನೆಯ ಸಂಜೆ ಹೀಗಿತ್ತು. ನಿಮ್ಮಲ್ಲಿ ಹಲವರ ಮನೆಯಲ್ಲೂ ಹೀಗೇ ಇದ್ದಿರಬಹುದು. ಕ್ರಿಕೆಟ್ ನೋಡಿ ಬೆಳೆದ ನನಗೆ ಬೇಸ್‌ಬಾಲ್ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಪರದೆಯ ಮುಂದೆ ಕೂರುವ ಬದಲು ಚೆಂಡು ಎಸೆಯಲಿ ಬಿಡಿ ಎಂದುಕೊಂಡೆ. ದಿನಾ ಎರಡು ಬಕೆಟ್ ಖಾಲಿಯಾಗುತ್ತಿತ್ತು. ಎಣಿಸುತ್ತಿದ್ದವರು ಯಾರೂ ಇಲ್ಲ.

ಐದು ವಾರವಾಗಿರಬೇಕು, ಒಂದು ರಾತ್ರಿ ಅವನು ಎಡಗೈಯಲ್ಲಿ ಊಟ ಮಾಡುತ್ತಿದ್ದ. ಏನಾಯ್ತೋ ಎಂದರೆ ‘ಐಯಾಮ್ ಫೈನ್’. ಶನಿವಾರ ಶಿವಮೊಗ್ಗದಿಂದ ಅಜ್ಜಿಯ ವಿಡಿಯೋ ಕರೆ ಬಂತು. ಅವರ ಕಣ್ಣಿಗೆ ತಪ್ಪಿಸಲಾಗಲಿಲ್ಲ. ‘ಕೈಗೇನಾಯ್ತು ಪುಟ್ಟಾ? ಸೋತಿದೆಯಾ, ಸೆಳೀತಿದೆಯಾ, ಚುಚ್ಚುತ್ತಾ, ಜೋಮು ಹಿಡಿಯುತ್ತಾ?’ ಅವನು ಸ್ವಲ್ಪ ಯೋಚಿಸಿ, ಮೊಣಕೈಯ ಒಳಬದಿ ಮುಟ್ಟಿ, ‘ಚುಚ್ಚುತ್ತೆ ಅಜ್ಜಿ, ಇಲ್ಲಿ’ ಎಂದ. ನಾನು ಕೇಳಿದ್ದು ಒಂದೇ ಪ್ರಶ್ನೆ, ಅಜ್ಜಿ ಕೇಳಿದ್ದು ನಾಲ್ಕು.

ನನ್ನ ಹೆಸರಿನ ಹಿಂದೆಯೂ ಡಾಕ್ಟರ್ ಇದೆ, ಆದರೆ ಅದು ಪ್ರಯೋಗಾಲಯದ ಡಾಕ್ಟರ್. ಹಾಗಾಗಿ ಮಕ್ಕಳ ವೈದ್ಯರಿಗೆ ತೋರಿಸಿದೆವು. ನಾಲ್ಕು ವಾರ ಚೆಂಡು ಮುಟ್ಟಕೂಡದು ಎಂದರು. ಆಮೇಲೆ ಓದಲು ಕೂತೆ. ಮೊದಲೇ ಓದಬೇಕಿತ್ತು.

ಮಕ್ಕಳ ಮೂಳೆಯ ತುದಿಗಳಲ್ಲಿ ಗ್ರೋತ್ ಪ್ಲೇಟ್ ಎಂಬ ಮೃದ್ವಸ್ಥಿಯ ಪದರ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ, ಬೆಳೆಯುವ ತೋಳಿನಲ್ಲಿ ದುರ್ಬಲವಾದ ಜಾಗವೂ ಅದೇ. ಜೋರಾಗಿ ಎಸೆದಾಗಲೆಲ್ಲ ಮೊಣಕೈಯ ಒಳಬದಿ ಎಳೆತಕ್ಕೆ ಸಿಗುತ್ತದೆ. ದೊಡ್ಡವರಲ್ಲಿ ಆ ಎಳೆತಕ್ಕೆ ಹರಿಯುವುದು ಹೆಚ್ಚಾಗಿ ಅಸ್ಥಿರಜ್ಜು, ಮಕ್ಕಳಲ್ಲಿ ಮೊದಲು ನೋಯುವುದು ಈ ಪದರ. ಇದಕ್ಕೆ ‘ಲಿಟಲ್ ಲೀಗ್ ಎಲ್ಬೋ’ ಎಂದೇ ಹೆಸರು.

ಅದಕ್ಕಾಗಿಯೇ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್ಎ ಬೇಸ್‌ಬಾಲ್ ಸೇರಿ 2014ರಲ್ಲಿ ‘ಪಿಚ್ ಸ್ಮಾರ್ಟ್’ ಎಂಬ ಮಾರ್ಗಸೂಚಿ ತಂದವು. ಅದರ ಪ್ರಕಾರ ಒಂದು ದಿನದ ಪಂದ್ಯದಲ್ಲಿ 7–8 ವರ್ಷದವರಿಗೆ 50, 9–10 ವರ್ಷದವರಿಗೆ 75, 11–12 ವರ್ಷದವರಿಗೆ 85 ಪಿಚ್‌ಗಳೇ ಮಿತಿ. 14 ವರ್ಷದವರೆಗಿನವರು 21 ಪಿಚ್ ಮುಟ್ಟಿದರೆ 1 ದಿನ ವಿಶ್ರಾಂತಿ, 36 ಮುಟ್ಟಿದರೆ 2, 51 ಮುಟ್ಟಿದರೆ 3, 66 ಮುಟ್ಟಿದರೆ 4 ದಿನ. 9ರಿಂದ 12 ವರ್ಷದವರ ತೋಳಿಗೆ ವರ್ಷಕ್ಕೆ ಕನಿಷ್ಠ 4 ತಿಂಗಳು ರಜೆ, ಅದರಲ್ಲಿ 2–3 ತಿಂಗಳು ಒಂದೇ ಸಮನೆ.

ಅಲಬಾಮಾದ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟಿನ ಗ್ಲೆನ್ ಫ್ಲೈಸಿಗ್ ಮತ್ತು ಸಂಗಡಿಗರು 9ರಿಂದ 14 ವರ್ಷದ 481 ಪಿಚರ್‌ಗಳನ್ನು ಹತ್ತು ವರ್ಷ ಗಮನಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದಲ್ಲಿ 100 ಇನ್ನಿಂಗ್ಸ್‌ಗಿಂತ ಹೆಚ್ಚು ಪಿಚ್ ಮಾಡಿದವರಿಗೆ ಗಂಭೀರ ಗಾಯವಾಗುವ ಸಂಭವ ಉಳಿದವರಿಗಿಂತ ಮೂರೂವರೆ ಪಟ್ಟು. (ಇಲ್ಲಿ ಇನ್ನಿಂಗ್ಸ್ ಅಂದರೆ ಕ್ರಿಕೆಟ್ಟಿನದಲ್ಲ, ಮೂರು ಜನ ಔಟಾಗುವವರೆಗಿನ ಆಟ.)

ಈಗ ಯೋಚಿಸಿ. ಪಂದ್ಯವಿದ್ದಾಗ ಎಣಿಸುವವರೊಬ್ಬರು ಇರುತ್ತಾರೆ, ಕೋಚ್ ‘ಸಾಕು’ ಎನ್ನುತ್ತಾರೆ, ಮರುದಿನ ರಜೆ ತಾನಾಗಿ ಸಿಗುತ್ತದೆ. ಸೀಸನ್ ರದ್ದಾದಾಗ ಪಂದ್ಯದ ಜೊತೆಗೆ ಈ ಕಾವಲೂ ಹೋಯಿತು. ಹಿತ್ತಲಿನಲ್ಲಿ ಎಸೆದರೂ ತೋಳಿಗೆ ಲೆಕ್ಕ ಲೆಕ್ಕವೇ.

ಹಾಗಾದರೆ ಏನು ಮಾಡಿಸುವುದು? ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಇಷ್ಟು:

• ಮೊದಲು ಮೈ ಬಿಸಿ, ಆಮೇಲೆ ಚೆಂಡು. ಹತ್ತು ನಿಮಿಷ ಓಟ, ಹಗ್ಗದಾಟ. ಎಸೆದೆಸೆದೇ ಮೈ ಬಿಸಿ ಮಾಡಿಕೊಳ್ಳುವುದು ತಲೆಕೆಳಗಾದ ಕ್ರಮ.

• ಕಾಲು ಮತ್ತು ನಡು. ಎಸೆತದ ಬಲ ಹುಟ್ಟುವುದು ನೆಲದಿಂದ, ತೋಳು ಅದನ್ನು ಚೆಂಡಿಗೆ ದಾಟಿಸುತ್ತದೆ. ಬಸ್ಕಿ, ಒಂಟಿ ಕಾಲಲ್ಲಿ ನಿಲ್ಲುವುದು, ಪ್ಲ್ಯಾಂಕ್. ಇವಕ್ಕೆ ಮೈದಾನ ಬೇಡ.

• ಚೆಂಡಿಲ್ಲದ ಅಭ್ಯಾಸ. ಕನ್ನಡಿಯ ಮುಂದೆ ನಿಧಾನವಾಗಿ ಇಡೀ ಚಲನೆ, ಹೆಜ್ಜೆ ಎಲ್ಲಿ ಬಿತ್ತು ಎಂದು ನೋಡಿಕೊಳ್ಳುವುದು.

• ದಿನ ಬಿಟ್ಟು ದಿನ, ಹತ್ತಿರದಿಂದ, ಅರ್ಧ ಬಲದಲ್ಲಿ 20 ಎಸೆತ. ನೋವಿಲ್ಲದಿದ್ದರೆ ವಾರ ಕಳೆದ ಮೇಲೆ ದೂರ, ಅದರ ಮುಂದಿನ ವಾರ ಸಂಖ್ಯೆ. ಎರಡನ್ನೂ ಒಟ್ಟಿಗೆ ಏರಿಸುವುದಿಲ್ಲ. ನಿಮ್ಮ ಮಗುವಿಗೆ ಮೊದಲೇ ನೋವಿದ್ದರೆ ಈ ಲೆಕ್ಕ ನಿಮ್ಮ ವೈದ್ಯರೇ ಹೇಳಬೇಕು.

• ಉಳಿದ ದಿನ ಸೈಕಲ್, ಫುಟ್‌ಬಾಲ್, ಏನಾದರೂ. ತೋಳು ಬಿಟ್ಟು ಬೇರೆ ಮೈಯೂ ಬೆಳೆಯಬೇಕಲ್ಲ!

ಇನ್ನು ಮಾತಿನ ವಿಷಯ. ಆಟದಲ್ಲಿ ಮುಳುಗಿದ ಮಗು ನೋವು ಮುಚ್ಚಿಡುತ್ತದೆ, ಹೇಳಿದರೆ ಆಟ ನಿಲ್ಲಿಸುತ್ತಾರೆ ಎಂಬ ಭಯ. ನನ್ನ ಮಗನಿಗೆ ಇಂಗ್ಲಿಷಿನಲ್ಲಿ ‘ಫೈನ್’ ಎನ್ನುವುದು ಅಭ್ಯಾಸವಾಗಿಬಿಟ್ಟಿತ್ತು. ಕನ್ನಡದಲ್ಲಿ ಅಂಥ ಸಿದ್ಧ ಉತ್ತರ ಅವನ ಬಳಿ ಇರಲಿಲ್ಲ, ಹುಡುಕಿ ಹೇಳಬೇಕಾಯಿತು. ಈಗ ಪ್ರತಿ ಸಂಜೆ ಅಜ್ಜಿಯ ನಾಲ್ಕು ಪ್ರಶ್ನೆಗಳನ್ನೇ ಕೇಳುತ್ತೇವೆ. ಸೋತಿದ್ದರೆ ನಿದ್ದೆ ಮಾಡಿದರೆ ಸರಿಹೋಗುತ್ತದೆ. ಸೆಳೆದರೆ ಮರುದಿನ ಚೆಂಡಿಲ್ಲ. ಮೊಣಕೈ ಅಥವಾ ಭುಜದ ಕೀಲಿನಲ್ಲಿ ಚುಚ್ಚಿದರೆ, ಬೆರಳು ಜೋಮು ಹಿಡಿದರೆ ಆ ಕ್ಷಣವೇ ನಿಲ್ಲಿಸಿ ವೈದ್ಯರಿಗೆ ಫೋನು. ನಿಮ್ಮ ಮನೆಯಲ್ಲಿ ಬಳಸುವ ಪದಗಳು ಬೇರೆ ಇರಬಹುದು. ಯಾವುದಾದರೂ ಸರಿ, ನೋವು ಬರುವ ಮೊದಲೇ ಕಲಿಸಿಡಿ.

ಪೆನ್ಸಿಲ್ವೇನಿಯಾದಲ್ಲಿ 2020ರ ಆಗಸ್ಟ್‌ನಲ್ಲಿ ನಡೆಯಬೇಕಿದ್ದ ಲಿಟಲ್ ಲೀಗ್ ವಿಶ್ವ ಸರಣಿಯೂ ರದ್ದಾಯಿತು, 1947ರಲ್ಲಿ ಶುರುವಾದ ಮೇಲೆ ಅದೇ ಮೊದಲು. ಮಗ ಆ ಸುದ್ದಿ ಕೇಳಿ ಅತ್ತ. ಟಿ.ವಿ.ಯಲ್ಲಿ ನೋಡುವುದಕ್ಕಷ್ಟೇ ಅವನು ಕಾಯುತ್ತಿದ್ದದ್ದು. ‘ಮುಂದಿನ ವರ್ಷ ಇದ್ದೇ ಇದೆ’ ಎಂದು ತಕ್ಷಣ ಸಮಾಧಾನ ಹೇಳಹೊರಟವಳನ್ನು ನನ್ನ ಗಂಡ ಕಣ್ಸನ್ನೆಯಲ್ಲೇ ತಡೆದರು. ಹತ್ತು ವರ್ಷದವನಿಗೆ ಒಂದು ವರ್ಷ ಎಂದರೆ ಬದುಕಿನ ಹತ್ತನೇ ಒಂದು ಪಾಲು. ಸ್ವಲ್ಪ ಹೊತ್ತು ಅಳಲಿ ಎಂದು ಪಕ್ಕದಲ್ಲಿ ಕೂತೆವು.

ಕಳೆದ ವಾರ ಅವನು ಮತ್ತೆ ಚೆಂಡು ಹಿಡಿದ. ಎಣಿಸುವ ಕೆಲಸ ಅಜ್ಜಿಯದು, ಫೋನನ್ನು ಕಿಟಕಿಯ ಕಟ್ಟೆಗೆ ಆನಿಸಿಟ್ಟಿದ್ದೇವೆ. ಅಲ್ಲಿ ಬೆಳಗಿನ ಕಾಫಿ ಹೊತ್ತು, ಇಲ್ಲಿ ಸಂಜೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ‘ಇನ್ನೊಂದೇ ಒಂದು ಅಜ್ಜಿ’ ಎಂದು ಅವನು ಗೋಗರೆದ. ‘ನಾಡಿದ್ದು’ ಎಂದರು ಅಜ್ಜಿ.